ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು? ದಾವಣಗೆರೆಯ ಒಂದು ಹಾಸ್ಪೈಸ್ (ಕೊನೆಗಾಲದ ಆರೈಕೆ) ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಸಂಬಂಧ, ಊರಿನ ದಿಕ್ಕು ಬದಲಿಸಲಾಗಿದೆ. ಇಲ್ಲಿ ಬರುವ ಔಷಧದ ಪ್ರಮಾಣಗಳು ಈ ಒಬ್ಬ ರೋಗಿಯ ತೂಕ ಮತ್ತು ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಬರೆದವು. ಇನ್ನೊಬ್ಬರಿಗೆ ಅವನ್ನೇ ಕೊಡಲು ಹೋಗಬಾರದು.

ಹಿನ್ನೆಲೆ

ಅರವತ್ತು ದಾಟಿದ ಹೆಂಗಸು, ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯವರು. ಮದುವೆಯಾಗಿ ಬಂದಾಗಿನಿಂದ ಎಲೆ-ಅಡಿಕೆ ಜೊತೆಗೆ ಹೊಗೆಸೊಪ್ಪಿನ ರೂಢಿ. ರಾತ್ರಿ ಮಲಗುವಾಗಲೂ ಎಡಗಡೆ ದವಡೆಯಲ್ಲಿ ಒಂದು ಉಂಡೆ ಇಟ್ಟುಕೊಂಡೇ ಮಲಗುತ್ತಿದ್ದರು. ಕ್ಯಾನ್ಸರ್ ಬಂದದ್ದೂ ಅದೇ ಎಡಗೆನ್ನೆಯ ಒಳಪದರಕ್ಕೆ. ಆಪರೇಶನ್ ಆಯಿತು, ರೇಡಿಯೇಶನ್ ಆಯಿತು, ಹನ್ನೊಂದು ತಿಂಗಳು ಚೆನ್ನಾಗಿದ್ದರು. ಮರಳಿ ಬಂದಾಗ ಗಡ್ಡೆ ಕೆನ್ನೆಯ ಚರ್ಮವನ್ನೇ ಸೀಳಿಕೊಂಡು ಹೊರಬಂದಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿದ್ದರು. ತೂಕ 41 ಕಿಲೋ.

ಮೂವರು ಮಕ್ಕಳು. ಹಿರಿಯ ಮಗ ತೋಟ ನೋಡಿಕೊಳ್ಳುತ್ತಾನೆ, ಕಿರಿಯವನಿಗೆ ಬೆಂಗಳೂರಿನಲ್ಲಿ ಕಂಪನಿ ಕೆಲಸ, ಮಗಳ ಮನೆ ದಾವಣಗೆರೆಯಲ್ಲಿ. ಕ್ಯಾನ್ಸರ್ ತಜ್ಞರು ಕಡತ ಮುಚ್ಚಿ, "ಇನ್ನು ಕೀಮೋ ಕೊಟ್ರೆ ಅದರಿಂದ್ಲೇ ಸುಸ್ತಾಗ್ತಾರೆ, ಮನೆಗೆ ಕರ್ಕೊಂಡು ಹೋಗಿ" ಎಂದ ದಿನವನ್ನು ಇಲ್ಲಿ 1ನೇ ದಿನ ಎಂದು ಎಣಿಸಿದೆ. ಅಂದು ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ನೋವಿನ ಗುಳಿಗೆ ಟ್ರಮಡಾಲ್ 50 ಮಿ.ಗ್ರಾಂ ದಿನಕ್ಕೆ ಮೂರು ಸಲ, ಪ್ಯಾರಾಸಿಟಮಾಲ್, ಒಂದು ಆಂಟಿಬಯಾಟಿಕ್, ಅಷ್ಟೆ. ನೋವು ಎಷ್ಟಿದೆ ಎಂದು ಕೇಳಿದವರಿಲ್ಲ, ಗಾಯಕ್ಕೆ ಏನು ಮಾಡಬೇಕೆಂದು ಹೇಳಿದವರಿಲ್ಲ, ಮುಂದೆ ಯಾರನ್ನು ನೋಡಬೇಕೆಂದು ಬರೆದವರಿಲ್ಲ. ನಮ್ಮ ಕಡೆ "ಡಾಕ್ಟ್ರು ಕೈಬಿಟ್ರು" ಅನ್ನುವ ಮಾತು ಹುಟ್ಟುವುದು ಇಂಥ ಚೀಟಿಯಿಂದಲೇ.

ಮೂರು ದಾರಿ, ಮೂರು ಹಟ

ಕಿರಿಯ ಮಗ ಅಂತರ್ಜಾಲದಲ್ಲಿ ಹುಡುಕಿ ಬೆಂಗಳೂರಿನ ಕರುಣಾಶ್ರಯದ ಹೆಸರು ತಂದ. 1994ರಲ್ಲಿ ಟ್ರಸ್ಟ್ ಆಗಿ ಶುರುವಾದ ಹಾಸ್ಪೈಸ್ ಅದು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಆಯ್ಕೆಯೇನೋ ಒಳ್ಳೆಯದೇ, ಆದರೆ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಅವರ ಮನೆ ಭೇಟಿಯ ತಂಡವೂ ಬೆಂಗಳೂರಿನ ಆಸುಪಾಸಿಗೇ ಹೊರತು ನಮ್ಮ ಜಿಲ್ಲೆಗಲ್ಲ. ಹಿರಿಯ ಮಗ ಖಡಾಖಂಡಿತವಾಗಿ ಬೇಡ ಎಂದ: "ಅಲ್ಲಿ ಏನಾದ್ರೂ ಆದ್ರೆ ಮಣ್ಣು ಮಾಡಾಕೆ ಊರಿಗೆ ತರೋರ್ ಯಾರು?" ಅವನಿಗೆ ತಾಯಿ ತೋಟದ ಮನೆಯಲ್ಲೇ ಇರಬೇಕು. ಆದರೆ ಪೈಪಿನಲ್ಲಿ ಗಂಜಿ ಹಾಕುವುದನ್ನು ಆ ಮನೆಯಲ್ಲಿ ಯಾರೂ ಕಲಿತಿರಲಿಲ್ಲ.

ಮಗಳು ಮಧ್ಯದ ದಾರಿ ಹಿಡಿದಳು. ಊರಾಚೆ "ಕೊನೆಗಾಲದ ಆರೈಕೆ ಕೇಂದ್ರ" ಎಂಬ ಬೋರ್ಡಿನ ಖಾಸಗಿ ಜಾಗವೊಂದಿತ್ತು. ಹನ್ನೆರಡು ಮಂಚ, ಒರೆಸಿದ ನೆಲ, ಕಿಟಕಿಗೆ ಜಾಲರಿ, ಗೋಡೆಯ ಮೇಲೆ ಬಸವಣ್ಣನ ಪಟ. ತಿಂಗಳಿಗೆ 32 ಸಾವಿರ, ಮುಂಗಡ 15 ಸಾವಿರ, ಮುಂಗಡ ವಾಪಸ್ ಇಲ್ಲ. ಅಲ್ಲಿ ಮಗಳು ಕೇಳಿದ ಪ್ರಶ್ನೆಗಳು ಮೂರೇ: ರೂಮು ಬೇರೆ ಸಿಗುತ್ತಾ, ಊಟ ಯಾರು ಹಾಕುತ್ತಾರೆ, ನಾವು ಯಾವಾಗ ಬಂದು ನೋಡಬಹುದು. ಲಾಡ್ಜಿಗೆ ಹೋದರೆ ಕೇಳುವ ಪ್ರಶ್ನೆಗಳಿವು. ಹಾಗೆಂದು ಆಕೆಯನ್ನು ದೂರುವಂತಿಲ್ಲ. ನೋಡಿದ್ದು ಕಟ್ಟಡವನ್ನಾದ್ದರಿಂದ ಪ್ರಶ್ನೆಗಳೂ ಕಟ್ಟಡದ ಬಗ್ಗೆಯೇ ಬಂದವು. 5ನೇ ದಿನ ತಾಯಿಯನ್ನು ಅಲ್ಲಿಗೆ ಸೇರಿಸಿದರು.

11ನೇ ದಿನದ ರಾತ್ರಿ

ಆ ಕೇಂದ್ರದಲ್ಲಿ ಹಗಲು ಒಬ್ಬ ನರ್ಸ್, ರಾತ್ರಿ ಇಬ್ಬರು ಸಹಾಯಕಿಯರು. ವೈದ್ಯರು ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು. ನೋವು ಜಾಸ್ತಿ ಎಂದಾಗಲೆಲ್ಲ ಡೈಕ್ಲೋಫೆನಾಕ್ ಇಂಜೆಕ್ಷನ್. ಆರು ದಿನದಲ್ಲಿ ಒಂಬತ್ತು ಸಲ ಚುಚ್ಚಿದ್ದು ಆಮೇಲೆ ಅವರದೇ ದಾಖಲೆಯಲ್ಲಿ ಕಂಡಿತು. ಈ ಔಷಧಕ್ಕೆ ಎರಡು ಕೆಟ್ಟ ಗುಣಗಳಿವೆ. ರಕ್ತ ಹೆಪ್ಪುಗಟ್ಟುವುದನ್ನು ಸಡಿಲಿಸುತ್ತದೆ, ನೀರು ಕಡಿಮೆ ಕುಡಿಯುವ ವಯಸ್ಸಾದವರ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕೆನ್ನೆಯಲ್ಲಿ ತೆರೆದ ಗಾಯವಿರುವ ರೋಗಿಗೆ ಇವೆರಡೂ ಬೇಡದ್ದು.

ಗಾಯಕ್ಕೆ ಒಣ ಹತ್ತಿ ಇಟ್ಟು ಪ್ಲಾಸ್ಟರ್ ಹಚ್ಚುತ್ತಿದ್ದರು. ಹತ್ತಿಯ ಎಳೆ ಗಡ್ಡೆಗೆ ಅಂಟಿಕೊಳ್ಳುತ್ತದೆ, ಕಿತ್ತಾಗ ಅದರ ಜೊತೆಗೆ ಮೇಲ್ಪದರವೂ ಬರುತ್ತದೆ. 11ನೇ ದಿನ ರಾತ್ರಿ ಎರಡು ಗಂಟೆಗೆ ಹಾಗೆ ಕಿತ್ತ ಜಾಗದಿಂದ ರಕ್ತ ಶುರುವಾಯಿತು. ಬಿಳಿ ಬೆಡ್‌ಶೀಟು ಪೂರ್ತಿ ಕೆಂಪು. ಸಹಾಯಕಿಯರು ಹೆದರಿ ವೈದ್ಯರಿಗೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. 108ಕ್ಕೆ ಹೇಳಿದರು. ಮಗಳು ಆಸ್ಪತ್ರೆ ತಲುಪುವ ಹೊತ್ತಿಗೆ ತಾಯಿ ಐಸಿಯುನಲ್ಲಿದ್ದರು, ಕೈಗೆ ಎರಡು ಕಡೆ ಸೂಜಿ. "ಉಸಿರಿಗೆ ತೊಂದ್ರೆ ಆದ್ರೆ ಕೊಳವೆ ಹಾಕ್ಬೇಕಾಗತ್ತೆ, ಸಹಿ ಹಾಕಿ" ಎಂದರು, ಆಕೆ ಹಾಕಿದಳು. ಕೊಳವೆ ಹಾಕುವ ಪ್ರಸಂಗ ಬರಲಿಲ್ಲ. ರಕ್ತವೂ ಒತ್ತಿ ಹಿಡಿದದ್ದರಿಂದ ನಿಂತಿತೇ ಹೊರತು ಬೇರೆ ಯಂತ್ರದಿಂದಲ್ಲ. ಎರಡು ರಾತ್ರಿಗೆ ಬಿಲ್ಲು 61 ಸಾವಿರ.

ಈ ಪ್ರಕರಣ ತಿರುಗಿದ್ದು ಅಲ್ಲಿ. ಐಸಿಯು ಪಾಳಿಯಲ್ಲಿದ್ದ ಅರಿವಳಿಕೆ ವೈದ್ಯರು ಚೀಟಿಗಳನ್ನೆಲ್ಲ ಹರಡಿಕೊಂಡು ಕೂತು, "ಇವರಿಗೆ ಮಾರ್ಫಿನ್ ಯಾರೂ ಶುರು ಮಾಡಿಲ್ವಾ?" ಎಂದು ಕೇಳಿದರು. ತೀವ್ರ ನೋವಿಗೆ ಕೊಡುವ ಆ ಔಷಧದ ಹೆಸರನ್ನೇ ಮನೆಯವರು ಕೇಳಿರಲಿಲ್ಲ. 13ನೇ ದಿನ ಅಲ್ಲಿಂದ ಬಿಡಿಸಿಕೊಂಡು ಮಗಳ ಮನೆಗೆ ಕರೆತಂದರು. 14ನೇ ದಿನ ಆ ವೈದ್ಯರು ಬರೆದುಕೊಟ್ಟ ಪತ್ರ ಹಿಡಿದು, ಬೋಧನಾ ಆಸ್ಪತ್ರೆಯೊಂದರ ನೋವು ನಿವಾರಣಾ ವಿಭಾಗಕ್ಕೆ ಹೋದರು. ದಾವಣಗೆರೆಯಂಥ ವೈದ್ಯಕೀಯ ಕಾಲೇಜುಗಳ ಊರಲ್ಲಿ ನೋವಿನ ಔಷಧಕ್ಕೆ ಬೆಂಗಳೂರಿಗೆ ಓಡುವ ಮೊದಲು ಅರಿವಳಿಕೆ ವಿಭಾಗದ ಬಾಗಿಲು ತಟ್ಟಬೇಕು ಎಂಬುದು ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಆಪರೇಶನ್ ಥಿಯೇಟರಿನಲ್ಲಿ ಮೂರ್ಛೆ ಬರಿಸುವವರು ತಾನೇ ಅಂದುಕೊಳ್ಳುತ್ತಾರೆ.

ಮಾರ್ಫಿನ್ ಬಂತು, ಒಂದು ಎಡವಟ್ಟೂ ಬಂತು

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಗುಳಿಗೆಯಲ್ಲ. 1985ರ ಮಾದಕ ವಸ್ತು ಕಾಯ್ದೆಯಡಿ ಮೊದಲು ಹಲವು ಪರವಾನಗಿಗಳು ಬೇಕಿದ್ದವು. 2014ರ ತಿದ್ದುಪಡಿಯ ನಂತರ ಅದು ಸರಳವಾಗಿದೆ. "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಎಂಬ ಒಂದೇ ಮಾನ್ಯತೆ ಇದ್ದರೆ ಆಸ್ಪತ್ರೆಯೋ ಹಾಸ್ಪೈಸೋ ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ಹಾಗಾಗಿ ಯಾವುದೇ ಕೇಂದ್ರ ತನ್ನನ್ನು ಹಾಸ್ಪೈಸ್ ಎಂದು ಕರೆದುಕೊಂಡರೆ ಮೊದಲ ಪ್ರಶ್ನೆ ಇದೇ: ನಿಮ್ಮಲ್ಲಿ ಮಾರ್ಫಿನ್ ಇದೆಯಾ, ಕಪಾಟು ತೋರಿಸುತ್ತೀರಾ? ಊರಾಚೆಯ ಕೇಂದ್ರದಲ್ಲಿ ಇರಲಿಲ್ಲ. ಮಗಳು ಮತ್ತೆ ಹೋಗಿ ಕೇಳಿದಾಗ, "ಬೇಕಾದ್ರೆ ಫೆಂಟಾನಿಲ್ ಪ್ಯಾಚು ನೀವೇ ತಂದ್ಕೊಡಿ, ಅಂಟಿಸ್ತೀವಿ" ಎಂದರಂತೆ. ಚರ್ಮಕ್ಕೆ ಅಂಟಿಸುವ ಈ ನೋವಿನ ಪ್ಯಾಚು ಒಳ್ಳೆಯ ಔಷಧವೇ. ಆದರೆ ಹಚ್ಚಿದ ಮೇಲೆ ಕೆಲಸ ಶುರುಮಾಡಲು 12 ಗಂಟೆಗೂ ಹೆಚ್ಚು ಬೇಕು, 72 ಗಂಟೆಗೊಮ್ಮೆ ಬದಲಿಸಬೇಕು, ಬೆಲೆ ಒಂದಕ್ಕೆ ನೂರಾರು ರೂಪಾಯಿ. ದಿನದಿನಕ್ಕೆ ಏರಿಳಿಯುವ ನೋವಿಗೆ ಅದರಿಂದ ಶುರುಮಾಡುವುದು ಸರಿಯಲ್ಲ. ಜ್ವರ ಬಂದರೆ, ಬಿಸಿ ಶಾಖ ಕೊಟ್ಟರೆ ಚರ್ಮದಿಂದ ಹೆಚ್ಚು ಹೀರಿಕೊಳ್ಳುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಶೀಟಿನ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ.

ನೋವಿನ ವಿಭಾಗದಲ್ಲಿ ಮೊದಲು ರಕ್ತ ನೋಡಿದರು. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.6 ಇತ್ತು, ಇರಬೇಕಾದ್ದಕ್ಕಿಂತ ಹೆಚ್ಚು. ಮಾರ್ಫಿನ್ನಿನ ಅಂಶ ಹೊರಹೋಗುವುದು ಮೂತ್ರಪಿಂಡದಿಂದ. ಅದು ಸೋತಿದ್ದರೆ ಔಷಧ ಮೈಯಲ್ಲೇ ಕೂಡುತ್ತದೆ. ಆದ್ದರಿಂದ ಡೈಕ್ಲೋಫೆನಾಕ್ ಪೂರ್ತಿ ನಿಲ್ಲಿಸಿ, ಟ್ರಮಡಾಲ್ ಬಿಡಿಸಿ, 10 ಮಿ.ಗ್ರಾಂ ಗುಳಿಗೆಯ ಅರ್ಧ ಭಾಗ ಆರು ಗಂಟೆಗೊಮ್ಮೆ ಎಂದು ಶುರುಮಾಡಿದರು. ಪೈಪಿನಲ್ಲಿ ನೀರು ಹೆಚ್ಚಿಸಿದರು. ನಾಲ್ಕು ದಿನಕ್ಕೆ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ಆಮೇಲೆ ಒಂದು ಗುಳಿಗೆ ನಾಲ್ಕು ಗಂಟೆಗೊಮ್ಮೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ರಾತ್ರಿ 10ಕ್ಕೆ ಎರಡು ಗುಳಿಗೆ, ರಾತ್ರಿ ಎರಡರ ಸರದಿಗೆ ಯಾರೂ ಏಳುವುದು ಬೇಡವೆಂದು. ದಿನಕ್ಕೆ 60 ಮಿ.ಗ್ರಾಂ. ನಡುವೆ ನೋವು ಎದ್ದರೆ ಒಂದು ಗುಳಿಗೆ ಹೆಚ್ಚುವರಿ, ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮುಂಚೆಯೂ ಅದೇ. ಹತ್ತಕ್ಕೆ ಎಂಟು ಎನ್ನುತ್ತಿದ್ದ ನೋವು 19ನೇ ದಿನ ಮೂರಕ್ಕೆ ಬಂತು. ಎರಡು ತಿಂಗಳಲ್ಲಿ ಮೊದಲ ಸಲ ತಾಯಿ ಐದು ಗಂಟೆ ಒಂದೇ ಸಮ ನಿದ್ದೆ ಮಾಡಿದರು. ಅದನ್ನೇ ಕಂಡು ಹೆದರಿದ ಹಿರಿಯ ಮಗ, "ಡೋಸು ಜಾಸ್ತಿ ಆಗೈತಿ" ಎಂದು ಜಗಳ ತೆಗೆದ.

ಮಲಬದ್ಧತೆಯ ಮಾತೂ ಇಲ್ಲೇ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು. ಸಾಮಾನ್ಯವಾಗಿ ಬರೆಯುವುದು ಬಿಸಕೋಡಿಲ್ ಗುಳಿಗೆ. ಅದರ ಮೇಲಿನ ಹೊದಿಕೆ ಕರುಳಿನಲ್ಲಿ ಕರಗಲಿ ಎಂದೇ ಇರುವುದರಿಂದ ಪುಡಿ ಮಾಡಿ ಪೈಪಿಗೆ ಹಾಕುವಂತಿಲ್ಲ. ಇವರಿಗೆ ಲ್ಯಾಕ್ಟುಲೋಸ್ 20 ಮಿ.ಲೀ. ಮತ್ತು ಸೋಡಿಯಂ ಪಿಕೋಸಲ್ಫೇಟ್ ಸಿರಪ್ ಕೊಟ್ಟರು. ಮೂರು ದಿನ ಆಗದಿದ್ದರೆ ಗುದಕ್ಕೆ ಬಿಸಕೋಡಿಲ್ ಬತ್ತಿ.

ಎಡವಟ್ಟು ಆದದ್ದೂ ಇಂಥದ್ದೇ ವಿಷಯದಲ್ಲಿ. 20ನೇ ದಿನ ಹೊರರೋಗಿ ವಿಭಾಗದಲ್ಲಿ ಹೊಸ ವೈದ್ಯರಿದ್ದರು. ದಿನಕ್ಕೆ ಐದು ಸಲದ ರಗಳೆ ತಪ್ಪಲಿ ಎಂಬ ಒಳ್ಳೆಯ ಮನಸ್ಸಿನಿಂದ, ನಿಧಾನವಾಗಿ ಕರಗುವ 30 ಮಿ.ಗ್ರಾಂ ಎಸ್‌ಆರ್ ಗುಳಿಗೆ ಬೆಳಿಗ್ಗೆ-ರಾತ್ರಿ ಎಂದು ಬದಲಿಸಿದರು. ಲೆಕ್ಕ ಸರಿಯಾಗಿತ್ತು, ಅದೂ ದಿನಕ್ಕೆ 60. ಆದರೆ ಮೂಗಿನ ಪೈಪು ಇದೆ ಎಂಬುದು ರೋಗಿಯ ಕಾರ್ಡಿನ ಯಾವ ಅಂಕಣದಲ್ಲೂ ಇರಲಿಲ್ಲ. ಮಗಳು ಎಂದಿನಂತೆ ಎರಡು ಚಮಚಗಳ ನಡುವೆ ಗುಳಿಗೆ ಅರೆದು, ನೀರಲ್ಲಿ ಕಲಸಿ, ಸಿರಿಂಜಿನಲ್ಲಿ ತಳ್ಳಿದಳು. ಎಸ್‌ಆರ್ ಗುಳಿಗೆಯನ್ನು ಅರೆದರೆ ಹನ್ನೆರಡು ಗಂಟೆಯ ಔಷಧ ಒಂದೇ ಸಲಕ್ಕೆ ಹೊಟ್ಟೆಗೆ ಸುರಿದ ಹಾಗೆ. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಕೊಟ್ಟದ್ದು, ಹತ್ತಕ್ಕೆ ಗೊರಕೆ, ಉಸಿರು ನಿಮಿಷಕ್ಕೆ ಒಂಬತ್ತು. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಿದ್ದರು.

ಈ ಸಲ ಫೋನ್ ಎತ್ತುವವರಿದ್ದರು. ನೋವಿನ ವಿಭಾಗದ ಜೊತೆ ಕೆಲಸ ಮಾಡುವ ಸಣ್ಣ ಸೇವಾ ಸಂಸ್ಥೆಯೊಂದರ ನರ್ಸ್, ವಾರಕ್ಕೆರಡು ಸಲ ಮನೆಗೆ ಬರುವವರು. ಅವರು ಕೇಳಿದ್ದು ಎರಡೇ: ನಿಮಿಷಕ್ಕೆ ಎಷ್ಟು ಉಸಿರು, ಕರೆದರೆ ಏಳುತ್ತಾರಾ? ಮುಂದಿನ ಗುಳಿಗೆ ಕೊಡಬೇಡಿ, ತಲೆ ಎತ್ತರಿಸಿ ಕೂರಿಸಿ, ಕಾಲು ಗಂಟೆಗೊಮ್ಮೆ ಉಸಿರು ಎಣಿಸಿ ಬರೆದಿಡಿ, ಎಂಟಕ್ಕಿಂತ ಕಡಿಮೆಯಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಕರೆತನ್ನಿ, ನಾನು ವೈದ್ಯರಿಗೆ ಹೇಳಿರುತ್ತೇನೆ ಎಂದರು. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಿಮೂರಕ್ಕೆ ಬಂತು. ಸಂಜೆ ನಾಲ್ಕಕ್ಕೆ ನೋವು ಮತ್ತೆ ಎದ್ದಿತು, ಔಷಧ ಅಷ್ಟರಲ್ಲಿ ಮುಗಿದಿತ್ತಲ್ಲ. ಮತ್ತೆ ಹಳೆಯ ಗುಳಿಗೆ, ಹಳೆಯ ಐದು ಹೊತ್ತು. ಕಾರ್ಡಿನ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿದರು: "ಮೂಗಿನ ಪೈಪು ಇದೆ. ಎಸ್‌ಆರ್ ಬೇಡ."

11ನೇ ದಿನವನ್ನೂ 21ನೇ ದಿನವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡನೆಯದು ನಿಜಕ್ಕೂ ಹೆಚ್ಚು ಅಪಾಯದ್ದು. ಆದರೂ ಮನೆಯಲ್ಲೇ ಮುಗಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಎರಡನೇ ಸುತ್ತಿನ ಹುಡುಕಾಟ

ಮಗಳು ಈಗ ಒಂದು ನೋಟುಬುಕ್ಕು ಇಟ್ಟಳು. ಮೊದಲ ಸಲ ಕೇಳಿದ ಮೂರು ಪ್ರಶ್ನೆಗಳ ಜಾಗದಲ್ಲಿ ಬೇರೆ ಪ್ರಶ್ನೆಗಳು ಬಂದವು. ರಾತ್ರಿ ಎರಡಕ್ಕೆ ನೋವು ಎದ್ದರೆ ಯಾರಿಗೆ ಫೋನ್, ಅವರು ಎತ್ತದಿದ್ದರೆ ಎರಡನೆಯ ನಂಬರು ಯಾವುದು? ಮಾರ್ಫಿನ್ ಎಷ್ಟು ದಿನಕ್ಕಾಗುವಷ್ಟು ಕೊಡುತ್ತೀರಿ? ಗಾಯಕ್ಕೆ ಏನು ಹಾಕುತ್ತೀರಿ? ರಾತ್ರಿ ಇರುವವರು ತರಬೇತಿ ಪಡೆದ ನರ್ಸೋ, ಸಹಾಯಕಿಯೋ? ಸಾವು ಹತ್ತಿರ ಬಂದಾಗ ಆಸ್ಪತ್ರೆಗೆ ಸಾಗಿಸುತ್ತೀರಾ, ಇಲ್ಲೇ ಇರಿಸಿಕೊಳ್ಳುತ್ತೀರಾ? ಸಾವಿನ ಪತ್ರ ಯಾರು ಬರೆಯುತ್ತಾರೆ? ಮನೆಗೆ ನರ್ಸುಗಳನ್ನು ಕಳಿಸುವ ನರ್ಸಿಂಗ್ ಬ್ಯೂರೋವೊಂದರವರು ಕೊನೆಯ ಎರಡು ಪ್ರಶ್ನೆಗೆ, "ಅದನ್ನೆಲ್ಲ ಈಗ್ಲೇ ಯಾಕ್ ಕೇಳ್ತೀರ ಅಕ್ಕಾ, ಒಳ್ಳೇದೇ ಆಗ್ಲಿ ಬಿಡಿ" ಎಂದರು. ಹಾಗೆ ಮಾತು ತೇಲಿಸುವ ಕಡೆ ಆ ರಾತ್ರಿ ಬಂದಾಗ ದಿಕ್ಕು ತೋಚದೆ ಆಂಬುಲೆನ್ಸ್ ಕರೆಯುತ್ತಾರೆ.

ಬೆಂಗಳೂರಿನ ಹಾಸ್ಪೈಸಿಗೂ ಕಿರಿಯ ಮಗ ಇವೇ ಪ್ರಶ್ನೆ ಕೇಳಿದ. ಎಲ್ಲಕ್ಕೂ ನೇರ ಉತ್ತರ ಬಂತು. ದೂರವೊಂದನ್ನು ಬಿಟ್ಟರೆ ಅದೇ ಎಲ್ಲಕ್ಕಿಂತ ಮೇಲು ಎಂಬುದರಲ್ಲಿ ಅನುಮಾನವಿರಲಿಲ್ಲ. ರೋಗಿಯ ವರದಿಗಳು, ಬಯಾಪ್ಸಿ ಕಾಗದ, ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ ಎಂಬ ವೈದ್ಯರ ಪತ್ರ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿ, ಮನೆಯಲ್ಲಿ ಕೈಮೀರಿದರೆ ಅಲ್ಲಿಗೆ ಎಂದು ಇಟ್ಟುಕೊಂಡರು. ಎರಡನೆಯ ದಾರಿಯನ್ನು ಹೀಗೆ ಸಿದ್ಧವಾಗಿ ಇಟ್ಟುಕೊಂಡದ್ದರಿಂದ ಅಣ್ಣತಮ್ಮಂದಿರ ಜಗಳ ಅರ್ಧ ತಣ್ಣಗಾಯಿತು.

ಇಷ್ಟೆಲ್ಲದರ ನಡುವೆ ಕೇಳದೇ ಉಳಿದಿದ್ದ ಪ್ರಶ್ನೆಯೊಂದನ್ನು ಎತ್ತಿದವರು ನರ್ಸ್. ಅಮ್ಮನ ಮನಸ್ಸಲ್ಲಿ ಏನಿದೆ? ಮನೆಯವರು, "ಅವ್ರಿಗೆ ಏನೂ ಗೊತ್ತಿಲ್ಲ, ಹೇಳ್ಬೇಡಿ" ಎಂದರು. 22ನೇ ದಿನ ಡ್ರೆಸ್ಸಿಂಗ್ ಮುಗಿದ ಮೇಲೆ ನರ್ಸ್ ಮೊಮ್ಮಗನ ಸ್ಲೇಟು ತಂದು ತಾಯಿಯ ಮಡಿಲಲ್ಲಿಟ್ಟರು. ಮಾತು ಬಾರದಾದ ಮೇಲೆ ಯಾರಿಗೂ ಹೊಳೆಯದೇ ಇದ್ದದ್ದು: ನಾಲ್ಕನೇ ಇಯತ್ತೆ ಓದಿದ ಹೆಂಗಸು, ಬರೆಯಬಲ್ಲರು. "ಎಲ್ಲಿ ಇರಬೇಕು ಅನ್ಸುತ್ತೆ?" ಎಂದು ಕೇಳಿದಾಗ ಬಹಳ ಹೊತ್ತು ಬಳಪ ಹಿಡಿದು ಕೂತು, ಓರೆ ಅಕ್ಷರದಲ್ಲಿ "ಹಿತ್ಲು ಕಾಣ ಕೋಣಿ" ಎಂದು ಬರೆದರು. ಊರಿನ ಮನೆಯ ಹಿಂದಿನ ಕೋಣೆ, ಕಿಟಕಿ ತೆರೆದರೆ ತೋಟ. ಅದರ ಕೆಳಗೆ ಇನ್ನೊಂದು ಸಾಲು: "ಸೂಜಿ ಬ್ಯಾಡ".

ಸುಪ್ರೀಂ ಕೋರ್ಟಿನ 2018ರ ತೀರ್ಪು ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ, ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ವಿಧಾನ ಸಡಿಲವಾಗಿ, ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು ಎಂದಾಯಿತು. ಈ ಮನೆಯವರು ಅಲ್ಲಿಯವರೆಗೆ ಹೋಗಲಿಲ್ಲ. ನೋವಿನ ವಿಭಾಗದ ವೈದ್ಯರು ರೋಗಿಯ ಇಚ್ಛೆಯನ್ನು ಕೇಸ್ ಶೀಟಿನಲ್ಲಿ ಬರೆದು, ಐಸಿಯು ಬೇಡ, ವೆಂಟಿಲೇಟರ್ ಬೇಡ, ನೋವು ಮತ್ತು ಉಸಿರಿನ ಉಪಶಮನ ಮಾತ್ರ ಎಂದು ಒಂದು ಪುಟದ ಪತ್ರ ಕೊಟ್ಟರು. ಆಮೇಲೆ ಕೆಲಸಕ್ಕೆ ಬಂದದ್ದು ಆ ಒಂದು ಪುಟವೇ.

ಊರಿನಲ್ಲಿ ಹೊಂದಿಸಿದ ಬಗೆ

ಸೇವಾ ಸಂಸ್ಥೆಯ ನರ್ಸಿನ ವ್ಯಾಪ್ತಿ ನಗರ ಮತ್ತು ಸುತ್ತಿನ 20 ಕಿ.ಮೀ. ಹಳ್ಳಿ ಅದರಾಚೆ. ಹೀಗಾಗಿ ಒಬ್ಬರೇ ಎಲ್ಲವನ್ನೂ ಕೊಡುವ ಆಯ್ಕೆ ಇರಲಿಲ್ಲ. ಜೋಡಿಸಿಕೊಳ್ಳಬೇಕಾಯಿತು. ಮಾರ್ಫಿನ್ ದಾವಣಗೆರೆಯಿಂದ, ಎರಡು ವಾರಕ್ಕೊಮ್ಮೆ ಹಿರಿಯ ಮಗ ಕಾರ್ಡು ಹಿಡಿದು ಬಂದು ಒಯ್ಯುವುದು. ಡ್ರೆಸ್ಸಿಂಗ್ ಮನೆಯವರೇ. ವಾರಕ್ಕೊಮ್ಮೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಬಂದು ನೋಡುವುದು. ಇಂಥ ಸರ್ಕಾರಿ ಉಪಕೇಂದ್ರಗಳು, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರಗಳು, ಕೊಡಬೇಕಾದ ಸೇವೆಗಳಲ್ಲಿ ನೋವು-ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯೂ ಸೇರಿದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆ ಪತ್ರದ ಪ್ರತಿ. ಫೋನಿನಲ್ಲಿ ನರ್ಸ್, ರಾತ್ರಿಯೂ.

ಹೊರಡುವ ಮೊದಲು ಹಿರಿಯ ಮಗ ಮತ್ತು ಅವನ ಹೆಂಡತಿ ಐದು ದಿನ ದಾವಣಗೆರೆಯಲ್ಲಿದ್ದು ಕಲಿತರು. ಕಲಿತದ್ದನ್ನು ಇಲ್ಲಿ ವಿವರವಾಗಿ ಬರೆಯುವುದು ಉಪಯುಕ್ತ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟದ ಟೀ ಚಮಚ ಉಪ್ಪು. ಆ ನೀರನ್ನು ಸಿರಿಂಜಿನಿಂದ ಸುರಿದು ಗಾಯದ ಮೇಲಿನ ಹಳೆಯ ಜಾಳು ಬಟ್ಟೆ (ಗಾಜ್) ನೆನೆದು ತಾನಾಗಿ ಬಿಡುವವರೆಗೆ ಕಾಯಬೇಕು, ಎಳೆಯಬಾರದು. ಗಾಯವನ್ನು ಉಜ್ಜದೆ ತೊಳೆದು, ಮೆಟ್ರೊನಿಡಜೋಲ್ ಗುಳಿಗೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಗಾಯದ ಮೇಲೆ ಉದುರಿಸಬೇಕು. ವಾಸನೆಗೆ ಕಾರಣ ಸತ್ತ ಭಾಗದಲ್ಲಿ ಬೆಳೆಯುವ, ಗಾಳಿ ಬೇಡದ ಬ್ಯಾಕ್ಟೀರಿಯಾ. ಅವು ಸತ್ತರೆ ವಾಸನೆ ಹೋಗುತ್ತದೆ. ಊದಿನಕಡ್ಡಿ, ಕರ್ಪೂರದಿಂದ ಹೋಗುವುದಿಲ್ಲ. ಆರನೇ ದಿನಕ್ಕೆ ಮೊಮ್ಮಕ್ಕಳು ಮಂಚದ ಹತ್ತಿರ ಬಂದು ಕೂರತೊಡಗಿದರು. ಗುಳಿಗೆಯ ಪುಡಿಯ ಮೇಲೆ ಉಪ್ಪುನೀರಿನಲ್ಲಿ ನೆನೆಸಿ ಹಿಂಡಿದ ಜಾಳು ಬಟ್ಟೆ, ಅದರ ಮೇಲೆ ಒಣ ಪದರ, ಹತ್ತಿ ಬೇಕಿದ್ದರೆ ಅದರ ಮೇಲೆ. ಹಗಲೂ ಸೊಳ್ಳೆ ಪರದೆ, ನೊಣ ಮೊಟ್ಟೆ ಇಡದಂತೆ. ಹಳ್ಳಿಯಲ್ಲಿ, ದನದ ಕೊಟ್ಟಿಗೆ ಪಕ್ಕದಲ್ಲೇ ಇರುವಾಗ, ಇದು ಡ್ರೆಸ್ಸಿಂಗಿನಷ್ಟೇ ಮುಖ್ಯ.

ರಕ್ತ ಬಂದರೆ? ಟ್ರಾನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ ಗುಳಿಗೆ ಪುಡಿ ಮಾಡಿ, ನೆನೆಸಿದ ಜಾಳು ಬಟ್ಟೆಯ ಮೇಲೆ ಹಾಕಿ ಹತ್ತರಿಂದ ಹದಿನೈದು ನಿಮಿಷ ಒತ್ತಿ ಹಿಡಿಯುವುದು, ನಡುನಡುವೆ ತೆಗೆದು ನೋಡಬಾರದು. ಮಂಚದ ಕೆಳಗೆ ಕಡುಗೆಂಪು ಮತ್ತು ಕಪ್ಪು ಟವೆಲುಗಳು. ಬಿಳಿ ಬಟ್ಟೆಯ ಮೇಲೆ ಅರ್ಧ ಲೋಟ ರಕ್ತವೂ ಒಂದು ಕೊಡದಷ್ಟು ಕಾಣುತ್ತದೆ. ಹೆದರಿದ ಕೈ ಸರಿಯಾಗಿ ಒತ್ತುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳ ಒಡೆದರೆ ಏನೂ ಮಾಡಲಾಗದು, ನಿಮಿಷಗಳಲ್ಲಿ ಮುಗಿಯುತ್ತದೆ, ಕೈ ಹಿಡಿದು ಕೂರುವುದೇ ಕೆಲಸ ಎಂಬುದನ್ನೂ ನರ್ಸ್ ಮುಚ್ಚಿಡದೆ ಹೇಳಿದರು. ಅದು ಆಗಲಿಲ್ಲ. ಆದರೆ ಹೇಳಿದ್ದು ಒಳ್ಳೆಯದಾಯಿತು.

ಪೈಪಿನ ಊಟ ಸುಲಭ: ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ, ಬೇಳೆ ಕಟ್ಟು, ಹಾಲು. ಸಲಕ್ಕೆ 200 ಮಿ.ಲೀ., ಹಗಲಲ್ಲಿ ಎರಡು ಗಂಟೆಗೊಮ್ಮೆ. ಹಾಕುವಾಗ ತಲೆ ಎತ್ತರದಲ್ಲಿರಬೇಕು, ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಗುಳಿಗೆಯ ಮೊದಲೂ ಆಮೇಲೂ 30 ಮಿ.ಲೀ. ನೀರು, ಇಲ್ಲದಿದ್ದರೆ ಪುಡಿ ಕಟ್ಟಿ ಪೈಪು ಮುಚ್ಚುತ್ತದೆ. ಮೂಗಿನ ಬಳಿ ಪೈಪಿನ ಮೇಲೆ ಪೆನ್ನಿನ ಗುರುತು. ಗುರುತು ಹೊರಗೆ ಬಂದಿದ್ದರೆ ಏನೂ ಹಾಕಬಾರದು.

31ನೇ ದಿನ ಊರಿಗೆ ಹೋದರು.

ಒಂದು ಬಾಟಲಿ ಗ್ಲೂಕೋಸು

ಎರಡು ವಾರ ಸುಸೂತ್ರವಾಗಿ ಸಾಗಿತು. 45ನೇ ದಿನದ ಹೊತ್ತಿಗೆ ನಿದ್ದೆ ಹೆಚ್ಚಾಯಿತು, ಮೂತ್ರ ಕಡಿಮೆಯಾಯಿತು, ಪಾದ ತಣ್ಣಗಾಯಿತು. ನರ್ಸ್ ಫೋನಿನಲ್ಲಿ ಗಂಜಿಯನ್ನು 50 ಮಿ.ಲೀ.ಗೆ ಇಳಿಸಿ, ಮಾರ್ಫಿನ್ ಮಾತ್ರ ತಪ್ಪಿಸಬೇಡಿ ಎಂದರು. ಸಾಯುವ ದೇಹ ಊಟ ಬೇಡವೆನ್ನುತ್ತದೆ. ಆದರೆ ನಂಟರಿಗೆ ಅದು ಉಪವಾಸ ಕೆಡವಿದ ಹಾಗೆ ಕಾಣುತ್ತದೆ. 46ನೇ ದಿನ ನೋಡಲು ಬಂದ ಸೋದರಮಾವ, "ಒಂದು ಬಾಟ್ಲಿನಾದ್ರೂ ಏರ್ಸಬಾರ್ದೇನ್ರೋ" ಎಂದ. ಊರಲ್ಲಿ ಸೂಜಿ ಹಾಕುವವನೊಬ್ಬನನ್ನು ಕರೆತಂದರು. ಹಿರಿಯ ಮಗ ತಡೆಯಲಿಲ್ಲ. ಒಂದು ಲೀಟರ್ ಏರಿತು. ರಾತ್ರಿ ಗಂಟಲಲ್ಲಿ ಗೊರಗೊರ ಶಬ್ದ, ಎದೆಯಲ್ಲಿ ಕಫ ಕುದಿಯುವ ಹಾಗೆ. ದೇಹಕ್ಕೆ ಬೇಡವಾದ ನೀರು ಹೋಗುವುದು ಶ್ವಾಸಕೋಶಕ್ಕೆ, ಪಾದಕ್ಕೆ. ರಾತ್ರಿ ಎರಡಕ್ಕೆ ಫೋನ್. ಎತ್ತಿದರು. ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಡಿ, ಬಾಯಲ್ಲಿ ನಳಿಕೆ ಹಾಕಿ ಎಳೆಯಲು ಹೋಗಬೇಡಿ, ಆಕೆಗೆ ಆ ಶಬ್ದದಿಂದ ನೋವಿಲ್ಲ, ಬೆಳಿಗ್ಗೆ ಬರುತ್ತೇನೆ ಎಂದರು. ವ್ಯಾಪ್ತಿ ಮೀರಿಯೂ ಬಂದು, ಗಂಟಲಿನ ಸ್ರಾವ ತಗ್ಗಿಸುವ ಹಯೋಸಿನ್ ಬ್ಯೂಟೈಲ್‌ಬ್ರೋಮೈಡ್ 20 ಮಿ.ಗ್ರಾಂ ಚರ್ಮದಡಿ ಕೊಟ್ಟರು. ಶಬ್ದ ಪೂರ್ತಿ ಹೋಗದಿದ್ದರೂ ಇಳಿಯಿತು. ಸೂಜಿ ಬ್ಯಾಡ ಎಂದವರಿಗೆ ಎರಡು ಸೂಜಿಯಾಯಿತು. ಎರಡನೆಯದು ಮೊದಲನೆಯದರ ತಪ್ಪಿಗೆ.

ಯೋಜನೆಯಲ್ಲಿ ಬಿಟ್ಟುಹೋಗಿದ್ದು ಇದು. ಮನೆಯೊಳಗಿನ ನಾಲ್ವರಿಗೆ ಎಲ್ಲ ಕಲಿಸಿದ್ದರು, ಬಂದುಹೋಗುವ ನಂಟರಿಗೆ ಹೇಳುವುದು ಹೇಗೆಂದು ಕಲಿಸಿರಲಿಲ್ಲ. ಆ ಸಂಸ್ಥೆ ಈಗ ಕೊಡುವ ಪತ್ರದ ಜೊತೆ ಕನ್ನಡದಲ್ಲಿ ಅರ್ಧ ಪುಟ ಸೇರಿಸುತ್ತದೆ, ದಪ್ಪ ಅಕ್ಷರದಲ್ಲಿ, ಕೋಣೆಯ ಬಾಗಿಲಿಗೆ ಅಂಟಿಸಲು: ಗ್ಲೂಕೋಸು ಏಕೆ ಬೇಡ, ಯಾರಿಗೆ ಫೋನ್ ಮಾಡಬೇಕು.

49ನೇ ದಿನ ಬೆಳಗಿನ ಜಾವ ಹಿಂದಿನ ಕೋಣೆಯಲ್ಲಿ ತೀರಿಕೊಂಡರು. ಕಿರಿಯ ಮಗ ಹಿಂದಿನ ರಾತ್ರಿಯೇ ಬಂದಿದ್ದ. ಕಿಟಕಿ ತೆರೆದಿತ್ತು.

ಆಮೇಲಿನ ಕಾಗದ

ಆಸ್ಪತ್ರೆಯಲ್ಲಿ ಸತ್ತರೆ ಸಾವಿನ ಕಾರಣದ ಪ್ರಮಾಣಪತ್ರ ನಮೂನೆ 4, ಮನೆಯಲ್ಲಾದರೆ 4ಎ. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಅದನ್ನು ಶುಲ್ಕವಿಲ್ಲದೆ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರಜೆಯಲ್ಲಿದ್ದರು, ಬದಲಿ ವೈದ್ಯರು, "ನಾನು ನೋಡೇ ಇಲ್ಲದ ರೋಗಿಗೆ ಹೇಗೆ ಬರೀಲಿ" ಎಂದರು. ಅವರ ಮಾತೂ ನ್ಯಾಯವೇ. ಎರಡು ದಿನ ಬಿಟ್ಟು ನೋವಿನ ವಿಭಾಗದ ವೈದ್ಯರು ತಮ್ಮ ಕೇಸ್ ಶೀಟು ಮತ್ತು ಆರೋಗ್ಯ ಅಧಿಕಾರಿಯ ಭೇಟಿ ದಾಖಲೆ ಆಧರಿಸಿ ಬರೆದರು. 21 ದಿನದೊಳಗೆ ನೋಂದಾಯಿಸಿದರೆ ಹಣ ಕಟ್ಟಬೇಕಿಲ್ಲ. ಇದು ಒಂಬತ್ತನೇ ದಿನ ಆಯಿತು.

ಮಂಚದ ಪಕ್ಕದ ಡಬ್ಬಿಯಲ್ಲಿ ಮಾರ್ಫಿನ್ 10 ಮಿ.ಗ್ರಾಂ ಗುಳಿಗೆ 37 ಉಳಿದಿದ್ದವು. ಕ್ಯಾನ್ಸರ್ ಬಂದ ಇನ್ನೊಬ್ಬ ನಂಟ ಕೇಳಿದ್ದನಂತೆ. ಮಗಳು ಕೊಡಲಿಲ್ಲ. ತಿಥಿ ಮುಗಿದ ಮೇಲೆ ಕಾರ್ಡಿನ ಜೊತೆ ನೋವಿನ ವಿಭಾಗಕ್ಕೆ ತಂದಳು. ನರ್ಸ್ ಎರಡು ಸಲ ಎಣಿಸಿ, ದಾಖಲೆ ಪುಸ್ತಕದಲ್ಲಿ 37 ಎಂದು ಬರೆದು, ಮಗಳಿಂದ ಸಹಿ ಹಾಕಿಸಿಕೊಂಡು, ಆ ನಂಟನನ್ನು ಬರುವ ಮಂಗಳವಾರ ವರದಿಗಳ ಸಮೇತ ಕರೆತರಲು ಹೇಳಿದರು.